ಅರ, ಅರೆ

ಗೋಪಾಳದ ತಿರುವಿನಲ್ಲಿ ನಿಲ್ಲಿಸಿದ್ದ ಸೈಕಲ್ಲಿಗೆ
ಹಾಲಿನ ವ್ಯಾನು ಹಿಂದೆ ಹಿಂದೆ ಬಂದು ಒರಗಿತು.
ಮುಂದಿನ ರಿಮ್ಮು ಹಪ್ಪಳ. ಗುಂಬ ಮಾತ್ರ ಗಟ್ಟಿ,
ಗುಂಡುಗಳು ಇನ್ನೂ ನುಣ್ಣಗೆ ಉರುಳುತ್ತಿವೆ.
"ಇದನ್ನ ಬಿಸಾಕಿದ್ರೆ ಪಾಪ ಸುತ್ಕೊಳ್ಳುತ್ತೆ ಮಿಸ್"
ಅಂದಳು ಸೀಗೆಹಟ್ಟಿಯ ಶಾಕಿರಾ.

ಹತ್ತನೇ ಕ್ಲಾಸಿನ ಪ್ರಿಪರೇಟರಿಯಲ್ಲಿ ಅವಳಿಗೆ
ಮೂವತ್ಮೂರು ಬಂದಿತ್ತು.
ಉತ್ತರ ತಪ್ಪಿದ್ದರೂ ಹೆಜ್ಜೆಗೆಂದು ಎರಡು ಸೇರಿಸಿ
ದಾಟಿಸಿದವಳು ನಾನು.

ಹೊಸ ರಿಮ್ಮು ಗಾಂಧಿ ಬಜಾರಿನದು, ಮೂವತ್ತಾರು ತೂತು.
ಅಂಗಡಿಯ ಯಾವ ಕಡ್ಡಿಯೂ ಅಳತೆಗೆ ಬಾರದು.
"ತಾಳು, ಲೆಕ್ಕ ನಾನು ಹಾಕ್ತೀನಿ" ಅಂದೆ,
ಇಪ್ಪತ್ತೆರಡು ವರ್ಷದ ಸೀಮೆಸುಣ್ಣದ ಜಂಬ.

ಕರೆಂಟು ಬಿಲ್ಲಿನ ಬೆನ್ನಿಗೆ ಒಂದು ವೃತ್ತ,
ಒಳಗೊಂದು ಪುಟ್ಟ ವೃತ್ತ.
ಒಂದು ಬದಿಗೆ ಹದಿನೆಂಟು ಕಡ್ಡಿ, ನಡುನಡುವೆ ಇಪ್ಪತ್ತು ಡಿಗ್ರಿ,
ಮೂರು ದಾಟಿ ಹೆಣೆದರೆ ಅರವತ್ತು.
ಅರವತ್ತರ ಕೊಸೈನು ಅರೆ.
ಎಷ್ಟು ಸಲೀಸು! ಸೂತ್ರದ ಎರಡನ್ನು ಆ ಅರೆ ತಿಂದುಹಾಕಿ
ದೊಡ್ಡ ತ್ರಿಜ್ಯ ಇಂಟು ಸಣ್ಣ ತ್ರಿಜ್ಯ, ಅಷ್ಟೇ ಕಳೆಯುವುದು.

ನಮ್ಮ ಸ್ಕೂಲಿನ ಕರಿಬಸಪ್ಪ ಮೇಷ್ಟ್ರು
ಚಕ್ರದ ಕಡ್ಡಿಗೆ ಅರ ಅನ್ನಬೇಕು ಅನ್ನುತ್ತಿದ್ದರು.
ಶಾಕಿರಾಳ ಡಬ್ಬಿಯಲ್ಲಿ ಅರವೆಂದರೆ ಕಬ್ಬಿಣ ತಿಕ್ಕುವುದು.
ನನಗೆ ಅರೆ ಬರೀ ಅರ್ಧ.

ಮುನ್ನೂರೆರಡು ಮಿಲಿಮೀಟರು ಬಂತು.
ಕೆಳಗೆ ಎರಡು ಗೆರೆ ಎಳೆದೆ.
ಭದ್ರಾವತಿಯಲ್ಲಿ ಕತ್ತರಿಸಿ, ಮರೆ ಹಾಕಿಸಿ ತರಿಸಲು
ಮೂರು ದಿನ.

ಹೆಣೆದಳು: ಎರಡರ ಹೊರಗೆ, ಮೂರನೆಯದರ ಒಳಗೆ.
ಬಿಗಿದಳು. ಮರೆ ಮುಗಿದರೂ ಕಡ್ಡಿ ಸಡಿಲ.
ತುದಿಗಳು ಟ್ಯೂಬಿನ ಜಾಗದಲ್ಲಿ
ಕೂಸಿನ ಹಲ್ಲಿನಂತೆ ಮೊಳೆತಿದ್ದವು.

"ಮಿಸ್, ರಿಮ್ಮು ಎಲ್ಲಿಂದ ಅಳೆದ್ರಿ?"
ಹೊರ ಅಂಚಿನಿಂದ.
"ಕಡ್ಡಿ ಅಲ್ಲೀತನಕ ಹೋಗಲ್ವಲ್ಲ.
ನಿಪಲ್ ಕೂರೋ ಕಡೆ ಅದರ ದಾರಿ ಮುಗೀತು."

ಸೂತ್ರ ಸರಿ. ಹೆಜ್ಜೆ ಹೆಜ್ಜೆಯೂ ಸರಿ.
ಮೊದಲು ಇಟ್ಟ ಸಂಖ್ಯೆಯೊಂದು ತಪ್ಪು.
ಇಂಥ ಪೇಪರಿಗೆ ನಾನು ಎಷ್ಟು ಕೊಡುತ್ತಿದ್ದೆ?

ಇನ್ನೂರು ಇನ್ನೂರಕ್ಕೆ ಕತ್ತರಿಸಿಟ್ಟ ಎರಡು ಹಳೆ ಕಡ್ಡಿ
ಎದುರುಬದುರು ತೂತಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು
ನಡುವಿನ ಖಾಲಿಯನ್ನು ಅಳೆದಳು. ಇನ್ನೂರ ನಾಲ್ಕು.
"ಈಗ ಹಾಕಿ ಮಿಸ್ ನಿಮ್ಮ ಸೂತ್ರ."
ಕೂಡಿಸಿ ಅರ್ಧ ಮಾಡಿದೆ: ಮುನ್ನೂರೆರಡು.
ನನ್ನ ತಪ್ಪು ಉತ್ತರವೇ ಸರಿಯಾದ ತ್ರಿಜ್ಯವಾಗಿ
ಎದುರಿಗೆ ಬಂದು ನಿಂತಿತ್ತು.
ನಗು ಬಂತು. ಯಾಕೆಂದು ಅವಳಿಗೆ ಹೇಳಲಿಲ್ಲ.

ಅದರ ವರ್ಗ ತೊಂಬತ್ತೊಂದು ಸಾವಿರದ ಇನ್ನೂರ ನಾಲ್ಕು.
ಗುಂಬದ ಇಪ್ಪತ್ತರದು ನಾನೂರು.
ನಡುವಿಂದ ಅಂಚಿಗೆ ಮೂವತ್ಮೂರು, ಅದರದು ಸಾವಿರದ ಎಂಬತ್ತೊಂಬತ್ತು.
ಕಳೆ ಆರು ಸಾವಿರದ ನಲವತ್ತು. ಮೂಲ ತೆಗೆ.
ಗುಂಬದ ತೂತಿನ ಅರ್ಧವನ್ನೂ ಕಳೆ.
ಇನ್ನೂರ ತೊಂಬತ್ಮೂರು ಮತ್ತೆ ಒಂಚೂರು.
"ಆ ಒಂಚೂರು ನಂಗೆ ಬಿಡಿ" ಅಂದಳು.

ಮತ್ತೆ ಭದ್ರಾವತಿ, ಮತ್ತೆ ಮೂರು ದಿನ.

ಈ ಸಲ ನನ್ನ ಬ್ಯಾಗಿನ ಸೀಮೆಸುಣ್ಣ ಕೇಳಿದಳು.
ತಿರುಗುವ ರಿಮ್ಮಿಗೆ ಕೂದಲೆಳೆ ದೂರದಲ್ಲಿ ಹಿಡಿದಳು,
ಉಬ್ಬಿದ ಕಡೆಯಷ್ಟೇ ಬಿಳಿ ಹತ್ತಿತು.
ಕಾಲು ಸುತ್ತು ಇಲ್ಲಿ ಬಿಗಿ, ಕಾಲು ಸುತ್ತು ಅಲ್ಲಿ ಬಿಡು,
ಒರೆಸಿ ಮತ್ತೆ ತಿರುಗಿಸು.
ಕೊನೆಗೆ ಸೀಮೆಸುಣ್ಣಕ್ಕೆ ಬರೆಯಲು ಏನೂ ಉಳಿಯಲಿಲ್ಲ.

ಎರಡು ಸೆಟ್ಟಿನ ದುಡ್ಡೂ ತಗೊಂಡಳು.
ಉದ್ದದ ಮೂವತ್ತಾರು ಮೂಲೆಯಲ್ಲಿ ಕಟ್ಟಾಗಿ ನಿಂತಿವೆ,
ದೊಡ್ಡ ರಿಮ್ಮಿನವರು ಯಾರಾದರೂ ಬಂದಾರು.
ಚಿಲ್ಲರೆ ಇಲ್ಲವೆಂದು ಎರಡು ರೂಪಾಯಿ ಬಿಟ್ಟಳು.

ತುಂಗೆಯ ಸೇತುವೆಯ ಮೇಲೆ ಚಕ್ರ ಟಿಣ್ ಅಂದಿತು.
ಎದೆ ಧಸಕ್ಕೆಂದು ಇಳಿದೆ. ಹಿಂದೆ ಆಟೋದವನ ಹಾರ್ನು.
ಕಟ್ಟೆಗೆ ಒರಗಿಸಿ ಎಣಿಸಿದೆ, ಮೂವತ್ತಾರೂ ಇವೆ.
ಆಗ ನೆನಪಾಯಿತು ಅವಳು ಅಂದದ್ದು:
"ಮೊದಲ ಸವಾರಿ ಸ್ವಲ್ಪ ಮಾತಾಡುತ್ತೆ ಮಿಸ್.
ಬಿಗಿಯೋವಾಗ ತಿರುಚಿಕೊಂಡದ್ದು ಬಿಡಿಸ್ಕೊಳ್ಳುತ್ತೆ."
ಹತ್ತಿದೆ.
ಐದು ಕಂಬ ದಾಟುವಷ್ಟರಲ್ಲಿ ಇನ್ನೆರಡು ಸಲ.
ಆಮೇಲೆ ಇಲ್ಲ.